ಕಂಬದ ಬೀದಿಯ ಹನ್ನೊಂದು ದಿನ

ಈಗಿನವರು ದಾರಿಯಲ್ಲಿ ಎದುರು ಸಿಕ್ಕಾಗ "ಊಟ ಆಯ್ತಾ?" ಅನ್ನುತ್ತಾರೆ. ಉತ್ತರ ಬರುವಷ್ಟರಲ್ಲಿ ಅವರ ಸ್ಕೂಟರ್ ತಿರುವು ದಾಟಿರುತ್ತದೆ. ನಮ್ಮ ಕಂಬದ ಬೀದಿಯಲ್ಲಿ ಆ ಮಾತನ್ನು ಹಾಗೆ ಬಾಯಿಗೆ ಬಂದಂತೆ ಆಡುವ ಹಾಗಿರಲಿಲ್ಲ. ಕೇಳಿದವರು ನಿಲ್ಲಬೇಕಿತ್ತು, ಉತ್ತರ ಕೊಟ್ಟವರ ಮುಖ ನೋಡಬೇಕಿತ್ತು. ಏಕೆಂದರೆ ಬೀದಿಯ ಇಪ್ಪತ್ತೆರಡು ಮನೆಗಳಲ್ಲಿ ಯಾರಾದರೊಬ್ಬರು ಉಣ್ಣದೆ ಕೂತರೆ ಉಳಿದ ಯಾರಿಗೂ ಹೊಟ್ಟೆ ತುಂಬುತ್ತಿರಲಿಲ್ಲ. ಎರಡು ಮುದ್ದೆ ನುಂಗಿ, ಮೇಲೆ ಅನ್ನ ಕಲಸಿಕೊಂಡು, ಚೊಂಬು ಮಜ್ಜಿಗೆ ಕುಡಿದು ಎದ್ದರೂ ಹೊಕ್ಕಳ ಮೇಲೆ ಸಣ್ಣ ಉರಿ. ಬೀದಿಯ ತುದಿಯಲ್ಲಿದ್ದ ಕಲ್ಲುಕಂಬ ದಾಟಿ ಪೇಟೆಗೆ ಹೋದರೆ ಉರಿ ಮಾಯ. ವಾಪಸ್ ಕಾಲಿಟ್ಟರೆ ಮತ್ತೆ ಶುರು. ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ನಮಗೆ ಅದಕ್ಕಿಂತ ದೊಡ್ಡ ಕೆಲಸ ಇರುತ್ತಿತ್ತು, ಉಣ್ಣದೆ ಇದ್ದವರು ಯಾರು ಎಂದು ಹುಡುಕುವುದು.

ದೇವರಿಗೆಂದು ಉಪವಾಸ ಮಾಡುವವರಿಂದ ಯಾರಿಗೂ ತೊಂದರೆ ಇರಲಿಲ್ಲ. ಇಲ್ಲದೆ ಉಪವಾಸ ಬಿದ್ದವರದ್ದು, ಸಿಟ್ಟಿನಿಂದ ಉಪವಾಸ ಕೂತವರದ್ದು ಮಾತ್ರ ತಟ್ಟುತ್ತಿತ್ತು. ಒಂಬತ್ತನೇ ಮನೆಯ ಕೆಂಪಮ್ಮನ ಸೊಸೆಗೂ ಮಗನಿಗೂ ಜಗಳವಾದರೆ ಆ ಹುಡುಗಿ ಊಟ ಬಿಟ್ಟು ಮುಸುಕು ಹಾಕಿ ಮಲಗುತ್ತಿದ್ದಳು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಇಡೀ ಬೀದಿ ಅವಳ ಗಂಡನ ಮೇಲೆ ಬೀಳುತ್ತಿತ್ತು. "ಹೋಗಿ ಸಮಾಧಾನ ಮಾಡೋ ಮಹರಾಯ, ನಿಮ್ಮಿಬ್ಬರ ಸರಸಕ್ಕೆ ನಾವ್ಯಾಕೆ ಸಾಯಬೇಕು!" ಅವನು ಮೈಸೂರು ಪಾಕು ತರಲು ಓಡುತ್ತಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮಂಡಿ ವೀರಭದ್ರಪ್ಪನೂ ನಮ್ಮ ಬೀದಿಯಲ್ಲಿ ದಾನಿಯೇ. ಮನಸ್ಸಿನಿಂದಲ್ಲ, ಹೊಟ್ಟೆಯಿಂದ. ಗೊಣಗಿಕೊಂಡೇ ಸೇರು ಅಕ್ಕಿ ಅಳೆದು ಕಳಿಸುತ್ತಿದ್ದ. ಜಾತಿ ಗೀತಿ ಎಂದು ದೂರ ಕೂರುವವರಿಗೂ ಉರಿ ತಪ್ಪುತ್ತಿರಲಿಲ್ಲವಾದ್ದರಿಂದ ಅವರೂ ಹತ್ತಿರ ಬರಲೇಬೇಕಿತ್ತು.

ನನ್ನ ಹೆಸರು ಚೆನ್ನಾಜಮ್ಮ. ಹುಟ್ಟಿದ್ದೂ ಅದೇ ಬೀದಿ, ಕೊಟ್ಟಿದ್ದೂ ಅದೇ ಬೀದಿ. ಏಳನೇ ಮನೆಯಿಂದ ಹದಿನಾರನೇ ಮನೆಗೆ ನನ್ನನ್ನು ಕಳಿಸುವಾಗ ನಮ್ಮವ್ವ ಬಿಕ್ಕಿ ಬಿಕ್ಕಿ ಅತ್ತದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಗಂಡನ ಮನೆಯವರದು ಹಿಟ್ಟಿನ ಮಿಲ್ಲು. ಅವರು ಬೇಗ ತೀರಿಕೊಂಡರು, ಮಿಲ್ಲು ನನ್ನ ಕೈಗೆ ಬಂತು, ಊರಿಗೆಲ್ಲ ನಾನು ಮಿಲ್ ಚೆನ್ನಾಜಮ್ಮ ಆದೆ. ಯಾವ ಮನೆಯ ರಾಗಿ ಡಬ್ಬ ಈ ವಾರ ಬಂದಿಲ್ಲ ಎಂದು ನನಗೆ ಗೊತ್ತಾಗುತ್ತಿದ್ದರಿಂದ ಉರಿ ಶುರುವಾದರೆ ಮೊದಲು ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಹುಡುಕುವುದಕ್ಕೂ ಒಂದು ರೀತಿ ಇತ್ತು. "ಹಸಿದಿದೀರಾ?" ಎಂದು ಯಾರನ್ನೂ ಕೇಳಕೂಡದು. ತಟ್ಟೆಗೆ ನಿಮ್ಮ ಊಟವನ್ನು ಸ್ವಲ್ಪ ಜಾಸ್ತಿಯೇ ಹಾಕಿಕೊಂಡು ಅನುಮಾನವಿದ್ದ ಮನೆಯ ಬಾಗಿಲು ತಟ್ಟಬೇಕು. "ನಮ್ಮನೇಲಿ ಉಂಡ್ರೆ ಹೊಟ್ಟೆ ತುಂಬ್ತಿಲ್ಲ ಕಣವ್ವ, ನಿಮ್ಮ ಜೊತೆ ಕೂತ್ಕೊಂಡು ಉಣ್ತೀನಿ" ಅನ್ನಬೇಕು. ಅದು ಸುಳ್ಳೇನಲ್ಲವಲ್ಲ. ಆ ಮನೆಯವರು ಉಂಡ ಕ್ಷಣ ಇಪ್ಪತ್ತೆರಡು ಮನೆಯಲ್ಲೂ ಒಟ್ಟಿಗೇ ತೇಗು ಬರುತ್ತಿತ್ತು, ಮುದುಕರದು ದೊಡ್ಡದು, ಮಕ್ಕಳದು ಚಿಕ್ಕದು. ತೇಗು ಬಂದ ಮೇಲೆ ಸ್ವಲ್ಪ ಹೊತ್ತು ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಯಾರು ಯಾವ ಮನೆಯಿಂದ ಖಾಲಿ ತಟ್ಟೆ ಹಿಡಿದು ಬರುತ್ತಾರೆ ಎಂದು ಯಾರೂ ನೋಡಬಾರದು, ಅದಕ್ಕೆ. ಆ ಹೊತ್ತಿನ ಖಾಲಿ ಬೀದಿಯಲ್ಲಿ ನಡೆದು ಬರುವ ಸುಖ ನನಗೆ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ.

ನಾನು ಚಿಕ್ಕವಳಿದ್ದಾಗ ಮೂರನೇ ಮನೆಯ ಹಿತ್ತಿಲ ಕೋಣೆಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಾಕೆ ಮಗನ ಜೊತೆ ಇದ್ದಳು. ಗಂಡ ಇರಲಿಲ್ಲ. ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸ, ಗಿರಣಿ ನಿಂತ ದಿನ ಅವಳ ಒಲೆಯೂ ನಿಲ್ಲುತ್ತಿತ್ತು. ಮಗ ಮರಿಸ್ವಾಮಿ ನನಗಿಂತ ಎರಡು ವರ್ಷ ದೊಡ್ಡವನು. ಅವನಿಗೆ ತಟ್ಟೆ ಒಯ್ಯುವ ಕೆಲಸ ಹೆಚ್ಚಾಗಿ ನನಗೇ ಬೀಳುತ್ತಿತ್ತು. ಅವ್ವ ಹುರುಳಿ ಸಾರು ಹಾಕಿ, ಮುದ್ದೆಯ ನಡುವೆ ಗುಂಡಿ ಮಾಡಿ ತುಪ್ಪ ಬಿಟ್ಟು ಕಳಿಸುತ್ತಿದ್ದಳು. ಮರಿ ಗೋಡೆಗೊರಗಿ ಉಣ್ಣುತ್ತಿದ್ದ, ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ, ಬೀದಿಯಲ್ಲೆಲ್ಲ ತೇಗು ಕೇಳಿಸುತ್ತಿತ್ತು. ಹದಿನಾರನೇ ವಯಸ್ಸಿಗೆ ಅವನು ನಾಟಕದ ಕಂಪನಿಯ ಲಾರಿ ಹತ್ತಿ ಹೋದ. ಮುಂದೆ ಅವನನ್ನು ನೀವೂ ನೋಡಿದ್ದೀರಿ, ಜಯಮಾರ್ತಾಂಡ ಎಂಬ ಹೆಸರಿನಲ್ಲಿ, ತೆರೆಯ ಮೇಲೆ. ಇನ್ಸ್‌ಪೆಕ್ಟರ್ ಪಾತ್ರವೆಂದರೆ ಅವನದೇ ಅನ್ನುವಂತಾಯಿತು.

ಮೂವತ್ತು ವರ್ಷದ ಮೇಲೆ ಜಯಮಾರ್ತಾಂಡ ಸಾಹೇಬರು ಊರಿಗೆ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಿಂದೆ ಎಂಟು ಕಾರು. ಹಳೇ ಟೆಂಟ್ ಸಿನಿಮಾ ಇದ್ದ ಜಾಗದಲ್ಲಿ ಒಂದು ಅನ್ನದ ಭವನ ಕಟ್ಟಿಸಿದರು. ಮಧ್ಯಾಹ್ನ, ಸಂಜೆ ಎರಡು ಹೊತ್ತು, ಯಾರು ಬಂದರೂ ಊಟ. ಊಟ ಚೆನ್ನಾಗಿತ್ತು. ಅದರಲ್ಲಿ ಕಲ್ಲು ಹುಡುಕಲು ನಾನೇ ಎರಡು ಸಲ ಹೋಗಿ ಉಂಡು ಬಂದಿದ್ದೇನೆ, ಸಿಗಲಿಲ್ಲ. ಒಂದೇ ಒಂದು ನಿಯಮ: ಊಟಕ್ಕೆ ಕಾರ್ಡ್ ಬೇಕು, ಅದನ್ನು ಮಾಡಿಸುವಾಗ ತಟ್ಟೆ ಹಿಡಿದು ಸಾಹೇಬರ ಕಟೌಟ್ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಆ ಫೋಟೋಗಳನ್ನು ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸಿನಲ್ಲಿ ಹಾಕುತ್ತಿದ್ದರು, ಮೇಲೆ "ನಮ್ಮ ಫಲಾನುಭವಿಗಳು" ಅಂತ. ಆರು ತಿಂಗಳಾದ ಮೇಲೆ ಊರ ಬಾಗಿಲಲ್ಲಿ ಇನ್ನೊಂದು ಬೋರ್ಡು ಬಂತು: "ಹಸಿವುಮುಕ್ತ ಊರಿಗೆ ಸ್ವಾಗತ."

ನಿಜವಾಗಿಯೂ ಬೀದಿಯ ಹೊಟ್ಟೆ ತಣ್ಣಗಾಯಿತು. ಒಂದೂವರೆ ವರ್ಷ ಉರಿಯೇ ಇಲ್ಲ. ಜನ ಬಾಗಿಲು ಹಾಕಿಕೊಂಡು ನೆಮ್ಮದಿಯಿಂದ ಉಂಡರು. ವೀರಭದ್ರಪ್ಪನಂತೂ ಸಾಹೇಬರ ಫೋಟೋಗೆ ಹಾರ ಹಾಕಿದ. ನನಗೆ ಮಾತ್ರ ಏನೋ ಕಸಿವಿಸಿ. ಬೀದಿಯಲ್ಲಿ ಯಾರೂ ಯಾರ ಮನೆಗೂ ತಟ್ಟೆ ಹಿಡಿದು ಹೋಗದೆ, ಯಾರ ಮನೆಯಲ್ಲಿ ಏನಾಗಿದೆ ಎಂದು ತಿಳಿಯದಾಯಿತು. ಮಿಲ್ಲಿಗೆ ಬರುವ ಡಬ್ಬಗಳೂ ಅರ್ಧಕ್ಕರ್ಧ ಇಳಿದವು. ನಾನು ಅಲ್ಲಿ ಇಲ್ಲಿ, "ಅವನು ಅನ್ನ ಹಾಕ್ತಿದಾನೋ, ಮುಂದಿನ ಎಲೆಕ್ಷನ್ನಿಗೆ ಎಲೆ ಹಾಸ್ತಿದಾನೋ" ಎಂದು ಗೊಣಗಿದೆ. ಕೆಂಪಮ್ಮ ಮುಖಕ್ಕೆ ಹೊಡೆದಂತೆ ಹೇಳಿದಳು: "ನಿನ್ನ ಮಿಲ್ ಓಡ್ತಿಲ್ಲ ಅಂತ ನಿಂಗೆ ಸಂಕಟ. ನನ್ನ ಮೊಮ್ಮಗ ಎರಡು ಹೊತ್ತು ಉಣ್ತವನೆ, ನಂಗಷ್ಟೇ ಸಾಕು." ಅವಳು ಹೇಳಿದ್ದು ಎರಡೂ ನಿಜವಾಗಿತ್ತು.

ನಮ್ಮ ಮನೆಯ ಎದುರಿಗೇ ಟೈಲರ್ ಷಡಕ್ಷರಪ್ಪನವರ ಮನೆ. ಹೆಂಡತಿ ಹೋಗಿ ಹತ್ತು ವರ್ಷವಾಗಿತ್ತು, ಮಗಳು ವಿಶಾಲಾಕ್ಷಿ ಒಬ್ಬಳೇ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಆ ಹುಡುಗಿ ನನ್ನನ್ನು ಅತ್ತೆ ಅನ್ನುತ್ತಿದ್ದಳು. ಷಡಕ್ಷರಣ್ಣ ಇಸ್ತ್ರಿ ಇಲ್ಲದ ಅಂಗಿ ಹಾಕಿದ್ದನ್ನು ನಾನು ನೋಡಿಲ್ಲ. ಕತ್ತಲ್ಲಿ ಟೇಪು, ಕಿವಿಯಲ್ಲಿ ಸೀಮೆಸುಣ್ಣದ ತುಂಡು. ಮೇ ತಿಂಗಳಲ್ಲಿ ಶಾಲೆಯ ಯೂನಿಫಾರಂ ಹೊಲಿದರೆ ಅದರಲ್ಲೇ ದೀಪಾವಳಿವರೆಗೆ ಅವರ ಮನೆ ನಡೆಯುತ್ತಿತ್ತು. ಆ ವರ್ಷ ಸಾಹೇಬರು ಶಾಲೆಯ ಮಕ್ಕಳಿಗೆಲ್ಲ ರೆಡಿಮೇಡ್ ಯೂನಿಫಾರಂ ಹಂಚಿದರು. ಪೇಪರಿನಲ್ಲಿ ಬಂತು. ಮಕ್ಕಳು ಕುಣಿದರು. ಷಡಕ್ಷರಣ್ಣ ಜಗಲಿಯ ಮೇಲೆ ಕೂತು, "ಗುಂಡಿಗೆ ಕಾಜಾ ಸರಿ ಹಾಕಿಲ್ಲ ಕಣಮ್ಮ, ಎರಡು ಒಗೆತಕ್ಕೆ ಬಿಚ್ಕೊಳ್ತದೆ" ಎಂದರು, ಅಷ್ಟೇ.

ಅದೇ ವರ್ಷ ಶ್ರಾವಣದಲ್ಲಿ ವಿಶಾಲುಗೆ ಗಂಡು ಗೊತ್ತಾಗಿತ್ತು. ಪಕ್ಕದ ತಾಲ್ಲೂಕಿನವರು, ಬಸ್ ಏಜೆಂಟರ ಮಗ. ಮದುವೆ ಕಾರ್ತಿಕದಲ್ಲಿ. ಬೀಗರು ನೋಡಿಕೊಳ್ಳುತ್ತಿದ್ದ ಬಸ್ಸುಗಳು ದಿನಕ್ಕೆ ನಾಲ್ಕು ಸಲ ನಮ್ಮ ನಿಲ್ದಾಣದಲ್ಲಿ, ಆ ಫ್ಲೆಕ್ಸಿನ ಎದುರಿಗೇ ನಿಲ್ಲುತ್ತಿದ್ದವು. ಈಗ ನಿಮಗೆ ಅರ್ಥವಾಗಿರಬೇಕು. ಹೊಲಿಗೆ ಇಲ್ಲ, ಮನೆಯಲ್ಲಿ ದಿನಸಿ ಮುಗಿಯುತ್ತ ಬಂತು, ಭವನಕ್ಕೆ ಹೋದರೆ ತಟ್ಟೆ ಹಿಡಿದ ಫೋಟೋ ಬೀಗರ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿದ್ದುದನ್ನು ಷಡಕ್ಷರಣ್ಣ ಮಗಳಿಗೆ ಬಡಿಸಿದರು, ತಮ್ಮದು ಪೇಟೆಯಲ್ಲಿ ಸ್ನೇಹಿತರ ಮನೆಯಲ್ಲಿ ಆಯಿತು ಎಂದರು. ಮಗಳು ನಂಬಿದಳು. ಹೀಗೆ ಹನ್ನೊಂದು ದಿನ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಗೊತ್ತಿದ್ದದ್ದು ನನ್ನ ಹೊಟ್ಟೆ ಉರಿಯುತ್ತಿದೆ ಎಂಬುದು ಮಾತ್ರ.

ಹೌದು, ಉರಿ ಬಂತು. ಮೊದಲನೇ ದಿನವೇ ಬಂತು, ಇಡೀ ಬೀದಿಗೆ ಬಂತು. ನಾವೇನು ಮಾಡಿದೆವು ಗೊತ್ತೇ? ಮಾತ್ರೆ ನುಂಗಿದೆವು! ಸಾಹೇಬರ ಉಚಿತ ಆರೋಗ್ಯ ಶಿಬಿರ ಅದೇ ವಾರ ನಡೆಯುತ್ತಿತ್ತು. ಡಾಕ್ಟರು ಹೊರ ಊರಿನವರು. "ನಿಮ್ಮ ಬೀದೀಲಿ ಎಲ್ಲರಿಗೂ ಗ್ಯಾಸ್ಟ್ರಿಕ್ ಇದೆ, ಖಾರ ಕಮ್ಮಿ ಮಾಡಿ" ಎಂದು ಬಿಳಿ ಮಾತ್ರೆ ಕೊಟ್ಟರು. ನಾವು ಖಾರ ಕಮ್ಮಿ ಮಾಡಿದೆವು. ಜೀರಿಗೆ ಕಷಾಯ ಕುಡಿದೆವು. ಸೋಡಾ ಕುಡಿದೆವು. ಬೆಳಿಗ್ಗೆ ಜಗಲಿಯ ಮೇಲೆ ಕೂತು "ನಂಗೆ ಒಂದಕ್ಕೆ ನಿಲ್ಲಲ್ಲ, ಎರಡು ಬೇಕು" ಎಂದು ಲೆಕ್ಕ ಹೇಳಿಕೊಂಡೆವು. ಹಸಿವು ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಊರಲ್ಲಿ ಹಸಿದವರಿಲ್ಲ ಅಂತ ಬೋರ್ಡೇ ಹಾಕಿತ್ತಲ್ಲ. ವಿಶಾಲು ಕೂಡ ಅಪ್ಪನ ಹಸಿವನ್ನು ತನ್ನ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ತೆಗೆದುಕೊಂಡಳು. ಷಡಕ್ಷರಣ್ಣನೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ನನ್ನ ಹಿಂದೆಯೇ ಮಾತ್ರೆಯ ಸಾಲಿನಲ್ಲಿ ನಿಂತರು. "ಏನಣ್ಣ, ನಿಮಗೂ ಹಿಡೀತಾ?" ಎಂದು ನಾನೇ ನಕ್ಕು ಕೇಳಿದೆ. "ಹೂಂ ಕಣಮ್ಮ, ಯಾರನ್ನ ಬಿಡ್ತದೆ" ಎಂದರು. ಅವರ ಮನೆಯ ರಾಗಿ ಡಬ್ಬ ಮೂರು ವಾರದಿಂದ ನನ್ನ ಮಿಲ್ಲಿಗೆ ಬಂದಿರಲಿಲ್ಲ. ಎಲ್ಲರ ಡಬ್ಬವೂ ಕಮ್ಮಿಯಾಗಿತ್ತಲ್ಲ, ನಾನು ನೋಡುವುದನ್ನೇ ಬಿಟ್ಟಿದ್ದೆ.

ಹನ್ನೊಂದನೇ ದಿನ ಭವನಕ್ಕೆ ಎರಡು ವರ್ಷ ತುಂಬಿದ ಸಮಾರಂಭ. ಸಾಹೇಬರು ತಾವು ಹುಟ್ಟಿದ ಬೀದಿಯಲ್ಲೇ ಜನರ ಜೊತೆ ಕೂತು ಉಣ್ಣಬೇಕೆಂದು ಆಸೆಪಟ್ಟರಂತೆ. ಕಂಬದಿಂದ ನಡುಬೀದಿಯವರೆಗೆ ಶಾಮಿಯಾನ, ಸಾಲು ಸಾಲು ಎಲೆ, ಸುತ್ತ ಕ್ಯಾಮೆರಾ. ವಿಶಾಲು ಕೋಸಂಬರಿ ಬಡಿಸುತ್ತಿದ್ದಳು. ಷಡಕ್ಷರಣ್ಣ ಕಟಿಂಗ್ ಕೆಲಸವಿದೆ ಎಂದು ಮನೆಯಲ್ಲೇ ಉಳಿದಿದ್ದರು. ನಾನು ಸಾಹೇಬರಿಂದ ನಾಲ್ಕು ಎಲೆ ಆಚೆ ಕೂತಿದ್ದೆ. ಅವರು ಒಂದು ಸಲ ಅನ್ನ ಹಾಕಿಸಿಕೊಂಡರು, ಎರಡು ಸಲ, ಮೂರು ಸಲ. ಆಮೇಲೆ ಕೈ ನಿಂತಿತು. ಎಡಗೈ ಹೊಟ್ಟೆಯ ಮೇಲೆ ಹೋಯಿತು. ಪಕ್ಕದಲ್ಲಿದ್ದ ಮ್ಯಾನೇಜರು, "ಸರ್, ಇಲ್ಲಿ ನೀರೇ ಹಂಗೆ, ಎಲ್ಲರಿಗೂ ಗ್ಯಾಸ್ಟ್ರಿಕ್" ಎಂದು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದ.

ಸಾಹೇಬರು ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. "ಯಾರೋ ಉಂಡಿಲ್ಲ" ಎಂದರು. ಸಿನಿಮಾದ ದನಿಯಲ್ಲ, ಪುಟ್ಟತಾಯಮ್ಮನ ಮಗನ ದನಿ. ನನ್ನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. ಅಯ್ಯೋ ದೇವರೇ, ಮೂವತ್ತು ವರ್ಷ ಹೊರಗಿದ್ದು ಒಂದು ಗಂಟೆಯ ಮಟ್ಟಿಗೆ ಬಂದವನಿಗೆ ನೆನಪಾದದ್ದು ಒಳಗೇ ಇದ್ದ ನಮಗೆ ಹನ್ನೊಂದು ದಿನದಿಂದ ನೆನಪಾಗಲಿಲ್ಲವಲ್ಲ!

ಅವರು ಎಂಜಲು ಕೈ ತೊಳೆದು ಒಂದನೇ ಮನೆಯಿಂದ ಬಾಗಿಲು ತಟ್ಟುತ್ತ ಹೊರಟರು. ಹಿಂದೆ ಕ್ಯಾಮೆರಾದವರೆಲ್ಲ ಓಡಿದರು. ಪ್ರತಿ ಮನೆಯವರೂ ಊಟ ಬಿಟ್ಟು ಓಡಿ ಹೋಗಿ, ತಮ್ಮ ತಮ್ಮ ಬಾಗಿಲಲ್ಲಿ ಆರತಿ ಹಿಡಿದು ನಿಂತರು. "ಊಟ ಆಯ್ತಾ?" ಎಂದು ಅವರು ಕೇಳುವುದು, "ನಿಮ್ಮ ದಯದಿಂದ ಆಯ್ತು ಸ್ವಾಮಿ" ಎಂದು ಇವರು ಹೇಳುವುದು, ಹಣೆಗೆ ಕುಂಕುಮ. ಷಡಕ್ಷರಣ್ಣನ ಬಾಗಿಲೂ ತೆರೆಯಿತು. ಇಸ್ತ್ರಿ ಅಂಗಿಯ ಕಾಲರಿನೊಳಗೆ ಅವರ ಕತ್ತು ಎಷ್ಟು ಸಣ್ಣಗಾಗಿತ್ತು ಎಂದು ನಾನು ಆಗ ನೋಡಿದೆ. ಕೈ ಮುಗಿದು, ನೆಟ್ಟಗೆ ನಿಂತು, "ಆಯ್ತು ಸ್ವಾಮಿ, ಈಗಷ್ಟೇ" ಎಂದರು. ಸಾಹೇಬರು ಅವರನ್ನೇ ಒಂದು ಗಳಿಗೆ ನೋಡಿದರು. "ಸರಿ" ಎಂದು ಮುಂದಿನ ಮನೆಗೆ ಹೋದರು. ಇಪ್ಪತ್ತೆರಡೂ ಮುಗಿದ ಮೇಲೆ ಮಾತ್ರೆ ನುಂಗಿ ಕಾರು ಹತ್ತಿದರು. ಕಾರು ಕಂಬ ದಾಟಿದಾಗ ಅವರ ಭುಜ ಸಡಿಲವಾದದ್ದು ಹಿಂದಿನ ಗಾಜಿನಲ್ಲಿ ನನಗೆ ಕಂಡಿತು. ನನ್ನ ಮೈಯೆಲ್ಲ ಉರಿದುಹೋಯಿತು. ಥೂ, ಇವನೂ ಒಬ್ಬ ದಾನಿಯೇ ಅಂದುಕೊಂಡೆ.

ಒಂದು ನಿಮಿಷವೂ ತಡೆಯಲಿಲ್ಲ. ಮನೆಗೆ ಹೋಗಿ ತಟ್ಟೆಗೆ ಅನ್ನ ಮೊಸರು ಕಲಸಿಕೊಂಡು, ಉಪ್ಪಿನಕಾಯಿ ಇಟ್ಟುಕೊಂಡು ಬೀದಿ ದಾಟಿದೆ. "ಷಡಕ್ಷರಣ್ಣ, ಅಷ್ಟು ದೊಡ್ಡ ಊಟ ಉಂಡ್ರೂ ನಂಗೆ ಹೊಟ್ಟೆ ತುಂಬಿಲ್ಲ. ನಿಮ್ಮ ಜೊತೆ ಕೂತ್ಕೊಂಡು ಉಣ್ತೀನಿ" ಎಂದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡೇ ನನ್ನ ತಟ್ಟೆ ನೋಡಿದರು. ಕಣ್ಣಲ್ಲಿ ನೀರು ತುಂಬಿತು. "ಇವತ್ತು ಬೇಡ ಕಣಮ್ಮ" ಎಂದರು, "ಕಾರ್ತಿಕ ಕಳೀಲಿ." ನಾನು ಕೇಳಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಮೊದಲ ತುತ್ತನ್ನು ನಾನೇ ಬಾಯಿಗಿಟ್ಟೆ. ಎರಡನೇ ತುತ್ತಿಗೆ ಅವರ ಕೈ ತಾನಾಗಿ ತಟ್ಟೆಗೆ ಬಂತು. ತಟ್ಟೆ ಮುಗಿಯುವ ಹೊತ್ತಿಗೆ ಇಡೀ ಬೀದಿಯಲ್ಲಿ ತೇಗು ಎದ್ದಿತು, ಹನ್ನೊಂದು ದಿನದ ತೇಗು. ಶಾಮಿಯಾನ ಬಿಚ್ಚುತ್ತಿದ್ದವರಿಗೂ ಬಂತಂತೆ.

ಹಳೆಯ ಕಾಲವಾಗಿದ್ದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಎರಡು ವರ್ಷದಲ್ಲಿ ಜನ ಅದನ್ನು ಮರೆತಿದ್ದರು. ಎಲ್ಲರೂ ಆಶ್ಚರ್ಯದಿಂದ ಹೊರಗೆ ಓಡಿ ಬಂದರು. "ಯಾರ್ ಮನೆ? ಯಾರ್ ಮನೇಲಿ?" ನಾನು ಖಾಲಿ ತಟ್ಟೆ ಹಿಡಿದು ಷಡಕ್ಷರಣ್ಣನ ಹೊಸಿಲು ದಾಟುವಾಗ ಬೀದಿ ತುಂಬ ಜನ. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಗೋಡೆಗೊರಗಿ, ತುಟಿಯಲ್ಲಿ ಮೊಸರು ಅಂಟಿಸಿಕೊಂಡು ಕೂತಿದ್ದ ಅವರನ್ನು ಭವನದ ಕ್ಯಾಮೆರಾದವನು ಮೂರು ಫೋಟೋ ತೆಗೆದ. ಪಾತ್ರೆ ತೊಳೆಯುತ್ತಿದ್ದ ವಿಶಾಲು ಓಡಿ ಬಂದು ಬಾಗಿಲು ಎಳೆದುಕೊಂಡಳು. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಮಾರನೇ ದಿನ ಫ್ಲೆಕ್ಸಿನಲ್ಲಿ ಬಂತು: "ಸಾಹೇಬರ ಕರೆಗೆ ಓಗೊಟ್ಟು ಕೊನೆಯ ಹಸಿದವರನ್ನೂ ಹುಡುಕಿ ಉಣಿಸಿದ ಸಾರ್ಥಕ ಕ್ಷಣ." ಷಡಕ್ಷರಣ್ಣನ ಮುಖ ಬಾಗಿಲಿನಷ್ಟು ದೊಡ್ಡದಾಗಿತ್ತು. ಮೂಲೆಯಲ್ಲಿ ನನ್ನ ಸೆರಗೂ ಇತ್ತು. ನಾಲ್ಕನೇ ದಿನಕ್ಕೆ ಬೀಗರ ಕಡೆಯಿಂದ ಒಬ್ಬರು ಬಂದು ಜಗಲಿಯ ಮೇಲೂ ಕೂರದೆ, ಜಾತಕ ಮತ್ತೆ ತೋರಿಸಿದೆವು, ಕೂಡಿ ಬರುತ್ತಿಲ್ಲ ಎಂದು ಹೇಳಿ ಹೋದರು. ಷಡಕ್ಷರಣ್ಣ ಅವರಿಗೆ ಕೈ ಮುಗಿದು ಕಳಿಸಿ, ಮೆಷಿನ್ ಮುಂದೆ ಕೂತು, ಬಟ್ಟೆ ಇಲ್ಲದೆಯೇ ತುಂಬಾ ಹೊತ್ತು ತುಳಿದರು. ಆ ಸದ್ದು ನಮ್ಮನೆಗೆ ಕೇಳುತ್ತಿತ್ತು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಹತ್ತು ದಿನದ ಮೇಲೆ ಕರೆಂಟಿಲ್ಲದ ಒಂದು ಮಧ್ಯಾಹ್ನ ಮಿಲ್ಲಿನ ಬಾಗಿಲಲ್ಲಿ ಆಟೋ ನಿಂತಿತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ ಒಬ್ಬರು ಇಳಿದರು. ಒಳಗೆ ಬಂದು ಟವೆಲ್ ತೆಗೆದಾಗ ಸಾಹೇಬರು. ಬಣ್ಣವಿಲ್ಲದ ಮುಖದಲ್ಲಿ ವಯಸ್ಸು ಕಾಣುತ್ತಿತ್ತು. "ಚೆನ್ನಿ" ಎಂದರು. ನಮ್ಮವ್ವ ಹೋದ ಮೇಲೆ ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ನಾನು ಗೋಣಿಚೀಲದ ಮೇಲೆ ಕೂರಲು ಹೇಳಿದೆ, ಕೂತರು.

"ಷಡಕ್ಷರಪ್ಪನವರನ್ನ ನೋಡಿದ ತಕ್ಷಣ ನಂಗೆ ಗೊತ್ತಾಯ್ತು" ಎಂದರು.

"ಗೊತ್ತಾಗೂ 'ಸರಿ' ಅಂತ ಮುಂದಿನ ಮನೆಗೆ ಹೋದ್ರಲ್ಲ!"

"ಹಿಂದೆ ಕ್ಯಾಮೆರಾ ಇತ್ತಲ್ಲ ಚೆನ್ನಿ. ನಾನು ಒಳಗೆ ಕಾಲಿಟ್ಟಿದ್ರೆ ಅವೂ ಬರ್ತಿದ್ವು. ಸಂಜೆ ಒಬ್ಬನೇ ಬರೋಣ ಅಂದ್ಕೊಂಡು ಹೋದೆ."

"ಮತ್ತೆ ಬರಲಿಲ್ಲ ಯಾಕೆ?"

ಅವರು ತಲೆ ತಗ್ಗಿಸಿದರು. "ಕಂಬ ದಾಟಿದ ಮೇಲೆ ಉರಿ ನಿಂತುಹೋಯ್ತು. ಆಮೇಲೆ ಯಾರೋ ಭೇಟಿಗೆ ಬಂದ್ರು, ಇನ್ನೇನೋ ಕೆಲಸ. ಮರೆತೇಹೋಯ್ತು."

ನನಗೆ ಬೈಯಬೇಕೆನಿಸಿತು. ಬೈದೂ ಬೈದೆ. ಯೂನಿಫಾರಂ ವಿಷಯ ಹೇಳಿದೆ, ಫ್ಲೆಕ್ಸ್ ವಿಷಯ ಹೇಳಿದೆ. "ಹಸಿದವರ ಮುಖಾನ ಬಸ್ ನಿಲ್ದಾಣದಲ್ಲಿ ಹರಾಜಿಗಿಟ್ಟಿದೀರಲ್ಲ, ಇದೂ ಒಂದು ಧರ್ಮವಾ? ನಾವು ಬಾಗಿಲು ತಟ್ಟಿ ಉಣಿಸ್ತಿದ್ದಾಗ ಯಾರ ಮುಖ ಯಾರು ನೋಡಿದ್ರು?" ಎಂದೆ. "ಫೋಟೋ ಇಲ್ದೆ ಬೇರೆಯವರು ಕೈ ಬಿಚ್ಚಲ್ಲ. ನನ್ನೊಬ್ಬನ ದುಡಿಮೇಲಿ ಇಷ್ಟು ಜನಕ್ಕೆ ಎರಡು ಹೊತ್ತು ಆಗಲ್ಲ" ಎಂದರು. ಆಮೇಲೆ ಹೇಳಿದರು: "ಯಾರ ಮುಖ ಯಾರು ನೋಡಿದ್ರು ಅಂದೆಯಲ್ಲ. ನೀನು ನೋಡ್ತಿದ್ದೆ, ಚೆನ್ನಿ. ತಟ್ಟೆ ಕೊಟ್ಟು ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡ್ತಿದ್ದೆ. ನಿನಗೆ ತೇಗು ಬರೋವರೆಗೂ ಹೋಗ್ತಿರಲಿಲ್ಲ. ನನ್ನ ಗಂಟಲಲ್ಲಿ ಮುದ್ದೆ ಇಳೀತಿರಲಿಲ್ಲ. ಇನ್ನೊಬ್ಬ ಹುಡುಗ ಹಂಗೆ ಉಣ್ಣಬಾರದು ಅಂತಲೇ ನಾನು ಭವನ ಕಟ್ಟಿಸಿದ್ದು."

ಅವ್ವ ಹೇಳಿ ಕಳಿಸುತ್ತಿದ್ದದ್ದು ನಿಜ, ನಮ್ಮ ಉರಿ ನಿಂತ ಮೇಲೆಯೇ ಬಾ, ಅರ್ಧಂಬರ್ಧ ತಿಂದು ಬಿಟ್ಟರೆ ಮತ್ತೆ ಶುರುವಾಗುತ್ತದೆ ಅಂತ. ನಾನು ಅದನ್ನು ಪ್ರೀತಿ ಎಂದುಕೊಂಡು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದೆ. ಪ್ರೀತಿಯೂ ಇತ್ತು, ಇರಲಿಲ್ಲ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಆದರೆ ಉಣ್ಣುವವನಿಗೆ ಅದು ಕಾಣಲಿಲ್ಲವಲ್ಲ. ಅವರು ಎದ್ದು ಹೋದ ಮೇಲೆ ಕರೆಂಟು ಬಂದರೂ ನಾನು ಮಿಲ್ಲು ಹಾಕದೆ ಕೂತಿದ್ದೆ.

ತಿಂಗಳೊಳಗೆ ಫ್ಲೆಕ್ಸುಗಳು ಇಳಿದವು, ಫೋಟೋ ತೆಗೆಯುವುದು ನಿಂತಿತು. ಆರು ತಿಂಗಳಲ್ಲಿ ಭವನದ ಸಂಜೆಯ ಊಟವೂ ನಿಂತಿತು, ಮಧ್ಯಾಹ್ನದ್ದು ಮಾತ್ರ ಉಳಿಯಿತು. ನಾನು ಸಾಹೇಬರಿಗೆ ಬೈದದ್ದು ಬೀದಿಗೆ ಗೊತ್ತಾಗಿ, ಕೆಂಪಮ್ಮ ನನ್ನನ್ನು ನೋಡಿದಾಗಲೆಲ್ಲ ಶಾಪ ಹಾಕಿದಳು. ಸಂಜೆ ಹೊತ್ತು ಮತ್ತೆ ಉರಿ ಬರತೊಡಗಿತು, ಮತ್ತೆ ತಟ್ಟೆಗಳು ಬೀದಿ ದಾಟಿದವು. ನಾನೂ ಒಯ್ಯುತ್ತಿದ್ದೆ. ತಟ್ಟೆ ಒಳಗಿಟ್ಟು ಬೆನ್ನು ತಿರುಗಿಸಿ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ. ಆ ಮನುಷ್ಯ ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಯಾರಾದರೂ ಕೇಳಿದರೆ ನಾನು ಮೊದಲಿನ ಹಾಗೆ ಪಟ್ಟನೆ ಹೇಳುವುದಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಎಂಬುದೇ ನನಗೆ ಆಗಿನ್ನೂ ತೀರ್ಮಾನವಾಗಿರಲಿಲ್ಲ.

ವಿಶಾಲು ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಅಪ್ಪನ ಪಕ್ಕದಲ್ಲೇ ಇನ್ನೊಂದು ಮೆಷಿನ್ ಹಾಕಿಕೊಂಡು ರವಿಕೆ ಹೊಲಿಯಲು ಶುರುಮಾಡಿದಳು. ಕೈ ಅಪ್ಪನದೇ, ಹೊಲಿಗೆ ಬರತೊಡಗಿತು. ರಾಗಿ ಡಬ್ಬ ತಂದರೆ ಸುಮ್ಮನೆ ಮುಂದಿಟ್ಟು ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ನಾನೂ ಸುಮ್ಮನೆ ಬೀಸಿ ಕೊಡುತ್ತಿದ್ದೆ. ಒಂದು ದಿನ ತಡೆಯಲಾಗಲಿಲ್ಲ. ಅವಳ ಡಬ್ಬದ ಅರ್ಧದಲ್ಲೇ ಮೋಟಾರ್ ಆಫ್ ಮಾಡಿದೆ. ಬೆಲ್ಟಿನ ಸದ್ದು ನಿಲ್ಲುವವರೆಗೆ ಕಾದು ಕೇಳಿದೆ.

"ವಿಶಾಲು, ಅವತ್ತು ನಾನು ನಿಮ್ಮನೆಗೆ ಬರಬಾರದಿತ್ತೇನವ್ವ?"

ಅವಳು ಗೋಡೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಬರಬೇಕಿತ್ತು ಅತ್ತೆ" ಎಂದಳು. "ಮೊದಲನೇ ದಿನವೇ ಬರಬೇಕಿತ್ತು."